ಆಪತ್ಕಾಲವೂ ಪೌರಾಡಳಿತವೂ

(ಶ್ರೀಮಠದ ಸುವರ್ಣ ಮಹೋತ್ಸವದ ಅಂಗವಾಗಿ ಬೆಂಗಳೂರಿನ ಜಯನಗರದಲ್ಲಿ ಕೂಡಿದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಶ್ರೀಮಠದ ಸುವರ್ಣ ಮಹೋತ್ಸವದ ಈ ಮಂಗಳ ಸಮಯದಲ್ಲಿ ಪೌರಾಡಳಿತಕ್ಕೆ ಸಂಬಂಧಪಟ್ಟ ಯಾವುದಾದರೊಂದು ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಮಹೋತ್ಸವ ಸಮಿತಿಯವರು ನನಗೆ ಅಪ್ಪಣೆ ಮಾಡಿದರು. ಊರಿಗೆ ಆಪತ್ತು ಬಂದು ಹೋದ ಮೇಲೆ ಊರನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಕೆಲಸವನ್ನು ಸ್ಥಳೀಯಾಡಳಿತವು ಹೇಗೆ ಕೂಡಿಸಿ ನಡೆಸತಕ್ಕದ್ದು, ಅದರಲ್ಲಿ ನಮ್ಮ ನಿಮ್ಮಂಥವರ ಪಾಲೇನು ಎಂಬ ವಿಷಯವನ್ನು ನಾನು ಆರಿಸಿಕೊಂಡಿದ್ದೇನೆ. ಉತ್ಸವದ ಮನೆಯಲ್ಲಿ ಆಪತ್ತಿನ ಮಾತೇಕೆ ಎಂದು ಯಾರೂ ಭಾವಿಸಬಾರದು. ಮನೆಯವರೆಲ್ಲರೂ ಕೂಡಿರುವಾಗಲೇ ಮನೆಯ ಸೂರಿನ ವಿಚಾರವನ್ನು ಮಾತನಾಡಿಕೊಳ್ಳುವುದು ನಮ್ಮ ಹಿರಿಯರ ಪದ್ಧತಿ. ಮಳೆ ಹಿಡಿದ ಮೇಲೆ ಹೆಂಚು ಕೈಯಾಡಿಸಲು ಆಗುವುದಿಲ್ಲ.

ಆಪತ್ಕಾಲದ ಕೆಲಸವು ಮೂರು ಬಗೆಯದು. ಮುಳುಗುತ್ತಿರುವವನನ್ನು ಮೇಲಕ್ಕೆತ್ತುವುದು ಮೊದಲನೆಯದು. ಅದು ಗಳಿಗೆಗಳ ಲೆಕ್ಕ. ಮೇಲಕ್ಕೆತ್ತಿದವನಿಗೆ ಅನ್ನ, ಬಟ್ಟೆ, ಔಷಧ, ಮಲಗಲು ಒಣ ನೆಲ, ಇವನ್ನು ಒದಗಿಸುವುದು ಎರಡನೆಯದು. ಅದು ದಿನಗಳ ಲೆಕ್ಕ. ಅವನು ತನ್ನ ಮನೆಗೆ ಹಿಂದಿರುಗಿ, ಕೆಸರು ತುಂಬಿದ ಸಂಪನ್ನು ಶುದ್ಧಪಡಿಸಿಕೊಂಡು, ನೆನೆದು ಹಾಳಾದ ದಾಖಲೆಪತ್ರಗಳನ್ನು ಮತ್ತೆ ಪಡೆದು, ಮಕ್ಕಳನ್ನು ಪಾಠಶಾಲೆಗೆ ಕಳುಹಿಸಿ, ತನ್ನ ಕಸುಬನ್ನು ಪುನಃ ಹಿಡಿಯುವಂತೆ ಮಾಡುವುದು ಮೂರನೆಯದು. ಅದು ತಿಂಗಳುಗಳ, ಕೆಲವು ವೇಳೆ ವರ್ಷಗಳ ಲೆಕ್ಕ. ಮೊದಲನೆಯದಕ್ಕೆ ಧೈರ್ಯ ಬೇಕು, ಎರಡನೆಯದಕ್ಕೆ ದಯೆ ಬೇಕು. ನಮ್ಮ ಜನದಲ್ಲಿ ಈ ಎರಡಕ್ಕೂ ಕೊರತೆಯಿಲ್ಲ. ಮೂರನೆಯದಕ್ಕೆ ವ್ಯವಸ್ಥೆ ಬೇಕು. ಪತ್ರಿಕೆಯವರು ಹೊರಟುಹೋದ ಮೇಲೆ, ದಾನಿಗಳ ಕೈ ದಣಿದ ಮೇಲೆ, ಅಧಿಕಾರಿಗಳ ಗಮನ ಬೇರೆ ಕೆಲಸದ ಕಡೆಗೆ ತಿರುಗಿದ ಮೇಲೆ ಆರಂಭವಾಗುವ ಕೆಲಸವಿದು. ಆದುದರಿಂದಲೇ ಇದು ಹಲವರ ಕೈಯಲ್ಲಿದ್ದು ಯಾರ ಹೊಣೆಯೂ ಆಗದೆ ಉಳಿಯುತ್ತದೆ. ನಾನು ಈ ದಿನ ಅರಿಕೆ ಮಾಡಬೇಕೆಂದಿರುವುದು ಮುಖ್ಯವಾಗಿ ಈ ಮೂರನೆಯ ಕೆಲಸವನ್ನೇ.

ಮೊದಲು ನಾವು ಕುಳಿತಿರುವ ನೆಲವನ್ನು ಕುರಿತು ಒಂದು ಮಾತು. ಬೆಂಗಳೂರಿಗೆ ಮಹಾನದಿಯಿಲ್ಲ. ಅದು ಎತ್ತರವಾದ ದಿಣ್ಣೆಯ ಮೇಲೆ ಹುಟ್ಟಿದ ಊರು. ಬಿದ್ದ ಮಳೆಯು ಇಳಿಜಾರನ್ನು ಹಿಡಿದು ಬೇರೆ ಬೇರೆ ಕಣಿವೆಗಳಿಗೆ ಹರಿದುಹೋಗುತ್ತದೆ. ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿಯು ಪಡುವಲ ಕಡೆಗೆ ಇಳಿದು ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ; ಮಡಿವಾಳದ ಕೆರೆಯ ಕೋಡಿಯ ನೀರು ಅಗರದ ಕೆರೆಗೂ, ಅಲ್ಲಿಂದ ಬೆಳ್ಳಂದೂರು ವರ್ತೂರುಗಳಿಗೂ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ನಮ್ಮ ಪೂರ್ವಿಕರು ಈ ಇಳಿಜಾರುಗಳಲ್ಲಿ ಒಂದರ ಕೆಳಗೊಂದು ಕೆರೆಯನ್ನು ಕಟ್ಟಿ, ಅವುಗಳ ನಡುವೆ ರಾಜಕಾಲುವೆಗಳನ್ನು ಬಿಟ್ಟಿದ್ದರು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರವಾಯಿತು. ತರುವಾಯ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಬೆಳೆದವು. ಬಿ.ಟಿ.ಎಂ. ಎಂಬ ಮೂರಕ್ಷರಗಳನ್ನು ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂದಾಗುತ್ತದೆ. ನಡುವಿನ ಹೆಸರಿನಲ್ಲಿಯೇ ಕೆರೆಯಿದೆ. ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಅರೆಕೆರೆ, ಹುಳಿಮಾವು ಮುಂತಾದ ಹಳ್ಳಿಗಳೆಲ್ಲವೂ ನಗರದೊಳಗೆ ಸೇರಿಹೋದವು. ಹೊಲಗದ್ದೆಗಳು ನಿವೇಶನಗಳಾದವು, ಕಾಲುವೆಗಳು ಕಿರಿದಾದವು, ಆದರೆ ಇಳಿಜಾರು ಹಾಗೆಯೇ ಇದೆ. ನೀರು ನಿವೇಶನದ ಪತ್ರವನ್ನು ಓದುವುದಿಲ್ಲ, ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ.

ಹಳೆಯ ಕೆರೆಯ ವ್ಯವಸ್ಥೆಯಲ್ಲಿ ನಾವು ಮರೆತಿರುವ ಒಂದು ಅಂಶವುಂಟು. ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಇರುತ್ತಿದ್ದನು. ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಏರಿಯಲ್ಲಿ ಬಿಲ ಬಿದ್ದರೆ ಊರಿಗೆ ತಿಳಿಸುವವನೂ ಅವನೇ. ಅವನು ದೊಡ್ಡ ಅಧಿಕಾರಿಯಲ್ಲ, ವಿದ್ಯಾವಂತನೂ ಆಗಿರಲಿಲ್ಲ. ಆದರೆ ಕೆರೆಯ ವಿಚಾರದಲ್ಲಿ ಯಾರನ್ನು ಕೇಳಬೇಕೆಂಬ ಸಂದೇಹ ಊರಿನಲ್ಲಿ ಯಾರಿಗೂ ಇರಲಿಲ್ಲ. ನನ್ನ ಉಪನ್ಯಾಸದ ತಾತ್ಪರ್ಯವನ್ನು ಈಗಲೇ ಹೇಳಿಬಿಡುವುದಾದರೆ, ಆಪತ್ತಿನ ನಂತರದ ಕೆಲಸಕ್ಕೆ ನಮ್ಮ ನಗರದ ಪ್ರತಿ ವಾರ್ಡಿಗೂ ಅಂತಹ ಒಬ್ಬ ಹೊಣೆಗಾರನು ಬೇಕು, ಅವನ ಕೈಯಲ್ಲಿ ಒಂದು ನಿಜವಾದ ಪಟ್ಟಿ ಬೇಕು ಎಂಬುದೇ ಆಗಿದೆ.

ಇದು ಹೊಸ ಯೋಚನೆಯಲ್ಲವೆಂಬುದಕ್ಕೆ ನಮ್ಮ ನಗರದ ಚರಿತ್ರೆಯಿಂದಲೇ ನಿದರ್ಶನವನ್ನು ಕೊಡಬಹುದು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ ಎಂಬ ಮಹಾಮಾರಿಯು ರೈಲುಮಾರ್ಗವನ್ನು ಹಿಡಿದು 1898ನೆಯ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ತಲಪಿತು. ಇಲಿ ಬಿತ್ತೆಂದರೆ ಮನೆ ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಆ ಕಾಲದ ಕಥೆಗಳನ್ನು ನಮ್ಮಲ್ಲಿ ಅನೇಕರು ಅಜ್ಜ ಅಜ್ಜಿಯರ ಬಾಯಿಂದ ಕೇಳಿದ್ದೇವೆ. 1891ರ ಜನಗಣತಿಯಲ್ಲಿ 80,285 ಮಂದಿಯಿದ್ದ ಬೆಂಗಳೂರು ನಗರದಲ್ಲಿ 1901ರ ಗಣತಿಯ ವೇಳೆಗೆ ಉಳಿದವರು 69,447 ಮಂದಿ. ದಂಡಿನ ಪ್ರದೇಶವನ್ನು ಬಿಟ್ಟು, ಕೇವಲ ಪೇಟೆಯ ಕಡೆಯ ಲೆಕ್ಕವಿದು. ಸತ್ತವರೆಷ್ಟೋ, ಊರು ತೊರೆದವರೆಷ್ಟೋ; ಬೆಳೆಯಬೇಕಾಗಿದ್ದ ನಗರವು ಹತ್ತು ವರ್ಷಗಳಲ್ಲಿ ಕುಗ್ಗಿತು.

ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್ ಅವರು. ಪೊಲೀಸು, ವೈದ್ಯ, ಪುರಸಭೆ, ರೆವಿನ್ಯೂ ಇವುಗಳು ತಂತಮ್ಮ ಕಡತಗಳನ್ನು ತಾವೇ ನೋಡಿಕೊಳ್ಳುತ್ತಿದ್ದರೆ ಮಾರಿಯು ಕಾಯುವುದಿಲ್ಲವೆಂಬುದನ್ನು ಸರ್ಕಾರವು ಮನಗಂಡು, ಈ ಎಲ್ಲ ಕೆಲಸಗಳನ್ನೂ ಕೂಡಿಸಿ ನಡೆಸುವುದಕ್ಕಾಗಿ ಪ್ಲೇಗ್ ಕಮಿಷನರ್ ಎಂಬ ಹುದ್ದೆಯನ್ನೇ ಏರ್ಪಡಿಸಿತು. ಮುಂದೆ 1906ರಲ್ಲಿ ಮೈಸೂರಿನ ದಿವಾನರಾದ ವಿ.ಪಿ. ಮಾಧವರಾಯರು ಆ ಹೊಣೆಯನ್ನು ಹೊತ್ತರು. ಇದು ಒಂದು ಪಾಠ. ಎರಡನೆಯ ಪಾಠವು ಇನ್ನೂ ದೊಡ್ಡದು. ಇಕ್ಕಟ್ಟಾದ ಪೇಟೆಗಳಲ್ಲಿ ಗಾಳಿ ಬೆಳಕುಗಳಿಲ್ಲದ ಮನೆಗಳೇ ರೋಗಕ್ಕೆ ಆಶ್ರಯವೆಂದು ಕಂಡದ್ದರಿಂದ, ಅದಕ್ಕೆ ಮೊದಲೇ ಯೋಚಿಸಲ್ಪಟ್ಟಿದ್ದ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಆ ಮಾರಿಯ ನಂತರ ಚುರುಕಾಗಿ ಬೆಳೆದವು. ಅಗಲವಾದ ಬೀದಿಗಳು, ಮನೆಗಳ ಹಿಂದೆ ಕಸ ಸಾಗಿಸಲು ಪ್ರತ್ಯೇಕವಾದ ಓಣಿಗಳು, ನಡುವೆ ಬಯಲು, ಇವೆಲ್ಲವೂ ದುಃಖದಿಂದ ಕಲಿತು ಕಟ್ಟಿದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯು ಸ್ಥಾಪಿತವಾದುದಕ್ಕೂ ಇಂತಹ ಅನುಭವವೇ ಹಿನ್ನೆಲೆ. ಪುನರ್ವ್ಯವಸ್ಥೆಯೆಂದರೆ ಕೆಟ್ಟುಹೋದುದನ್ನು ಮೊದಲಿದ್ದಂತೆ ಮಾಡುವುದು ಮಾತ್ರವಲ್ಲ, ಯಾವುದರಿಂದ ಕೆಟ್ಟಿತೋ ಅದನ್ನು ತಿದ್ದುವುದು ಎಂಬುದನ್ನು ನಮ್ಮ ದಕ್ಷಿಣ ಬೆಂಗಳೂರಿನ ಮೊದಲ ಬಡಾವಣೆಯೇ ಸಾರುತ್ತಿದೆ.

ಆದರೆ ಒಬ್ಬನ ಕೈಗೆ ಅಧಿಕಾರ ಕೊಟ್ಟ ಮಾತ್ರದಿಂದಲೇ ಕೆಲಸವು ನೆರವೇರುವುದಿಲ್ಲ. ಅದೇ ಪ್ಲೇಗಿನ ಕಾಲದಲ್ಲಿ ಪುಣೆಯಲ್ಲಿ ನಡೆದುದನ್ನು ತಾವೆಲ್ಲರೂ ಬಲ್ಲಿರಿ. ಅಲ್ಲಿಯೂ ಪ್ಲೇಗಿನ ಅಧಿಕಾರಿಯಿದ್ದನು, ಕಾನೂನೂ ಇತ್ತು. ಸಿಪಾಯಿಗಳು ಮನೆಮನೆಗೆ ನುಗ್ಗಿ, ದೇವರ ಕೋಣೆ ಅಡಿಗೆಯ ಮನೆಗಳೆನ್ನದೆ ಶೋಧಿಸಿದರು. ಜನರ ಕೋಪವು ಉಕ್ಕಿ, 1897ನೆಯ ಜೂನ್ 22ರಂದು ರಾಂಡ್ ಎಂಬ ಆ ಅಧಿಕಾರಿಗೆ ಗುಂಡಿನೇಟು ಬಿತ್ತು; ಆತನು ಬದುಕಲಿಲ್ಲ. ಕೊಲೆಯನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಜನರ ಪರಿಚಯವಿಲ್ಲದವನು ಜನರಿಗೆ ಮಾಡಹೊರಟ ಉಪಕಾರವು ಅಪಕಾರವಾಗಿ ಕಾಣುವುದೆಂಬುದು ಅದರಿಂದ ಸ್ಪಷ್ಟವಾಗುತ್ತದೆ. ಅಧಿಕಾರವು ಒಂದು ಕೈಯಲ್ಲಿ ಕೂಡಬೇಕು. ಆ ಕೈಗೆ ಓಣಿಯ ಪರಿಚಯವೂ ಇರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಕೆಲಸ ಕೆಡುತ್ತದೆ.

ಇನ್ನು ನಮ್ಮ ಕಾಲದ ಸಂಗತಿಗಳಿಗೆ ಬರುತ್ತೇನೆ. 2019ನೆಯ ನವೆಂಬರ್ 24, ಭಾನುವಾರ. ಜೆ.ಪಿ. ನಗರಕ್ಕೆ ತೆಂಕಣದಲ್ಲಿರುವ ಹುಳಿಮಾವು ಕೆರೆಯ ಏರಿಯು ನಡುಹಗಲಿನಲ್ಲಿ ಒಡೆದು, ಕೆಳಗಣ ಬಡಾವಣೆಗಳಿಗೆ ನೀರು ನುಗ್ಗಿತು. ಆ ದಿನ ದೊಡ್ಡ ಮಳೆಯೇನೂ ಹೊಯ್ದುದರಿಂದ ಅಲ್ಲ. ಏರಿಯನ್ನು ಅಗೆದುದೇ ಕಾರಣವೆಂದು ದೂರು ಬಂತು. ನೂರಾರು ಮನೆಗಳಲ್ಲಿ ನೀರು ನಿಂತಿತು. ಅಗ್ನಿಶಾಮಕ ದಳದವರೂ, ವಿಪತ್ತು ಪಡೆಯವರೂ, ನೆರೆಹೊರೆಯ ತರುಣರೂ ದೋಣಿಗಳಲ್ಲಿ ಹೋಗಿ ಜನರನ್ನು ಕರೆತಂದರು. ಮೊದಲನೆಯ ಕೆಲಸವು ಚೆನ್ನಾಗಿಯೇ ನಡೆಯಿತು. ಅನ್ನವಸ್ತ್ರಗಳೂ ಬಂದವು. ಆದರೆ ಕೆರೆಯು ಯಾರ ವಶದಲ್ಲಿದೆ, ಏರಿಯನ್ನು ಮುಟ್ಟಿದವರು ಯಾರು ಎಂಬ ವಿಚಾರವಾಗಿ ಇಲಾಖೆಗಳೊಳಗೆ ವಾದವೆದ್ದಿತು. ನೀರುಗಂಟಿಯಿದ್ದ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅದಕ್ಕೆ ಎರಡು ವಾರಗಳ ಹಿಂದೆಯಷ್ಟೆ ಬನಶಂಕರಿಯ ಮಗ್ಗುಲಿನ ಹೊಸಕೆರೆಹಳ್ಳಿಯ ಕೆರೆಯೂ ಒಡೆದಿತ್ತೆಂಬುದನ್ನು ನೆನೆದರೆ, ಒಂದು ಓಣಿಯ ದುಃಖದಿಂದ ಮತ್ತೊಂದು ಓಣಿಯು ಪಾಠ ಕಲಿಯಲು ಬೇಕಾದ ಸಂಪರ್ಕವು ನಮ್ಮಲ್ಲಿ ಎಷ್ಟು ಬಡವಾಗಿದೆಯೆಂಬುದು ಗೊತ್ತಾಗುತ್ತದೆ.

ಇಂತಹ ಸಮಯದಲ್ಲಿ ಒಂದು ಬೀದಿಗೆ ಎಷ್ಟು ಕಚೇರಿಗಳ ಕೈ ಬರಬೇಕೆಂಬುದನ್ನು ಲೆಕ್ಕ ಹಾಕಿ ನೋಡೋಣ. ಮಳೆನೀರಿನ ಕಾಲುವೆಯೂ ಕಸವೂ ಪಾಲಿಕೆಯವು. ಕುಡಿಯುವ ನೀರೂ ಒಳಚರಂಡಿಯೂ ಜಲಮಂಡಲಿಯವು. ವಿದ್ಯುತ್ತು ಬೆಸ್ಕಾಂ ಸಂಸ್ಥೆಯದು. ಪರಿಹಾರದ ಹಣವು ರೆವಿನ್ಯೂ ಇಲಾಖೆಯ ಮೂಲಕ ಬರತಕ್ಕದ್ದು. ರೋಗ ಹರಡದಂತೆ ನೋಡುವವರು ಆರೋಗ್ಯ ಇಲಾಖೆಯವರು. ಸಂಚಾರವನ್ನು ತಡೆಯುವವರು ಪೊಲೀಸಿನವರು. ಬಡಾವಣೆಯನ್ನು ರಚಿಸಿದವರು ಅಭಿವೃದ್ಧಿ ಪ್ರಾಧಿಕಾರದವರು. ಇವರಲ್ಲಿ ಒಬ್ಬೊಬ್ಬರೂ ತಮ್ಮ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದರೆಂದು ಇಟ್ಟುಕೊಳ್ಳೋಣ. ಆದಾಗ್ಯೂ ಒಳಚರಂಡಿಯನ್ನು ತೆರವು ಮಾಡುವುದಕ್ಕೆ ಮುಂಚೆ ಕುಡಿಯುವ ನೀರನ್ನು ಬಿಟ್ಟರೆ ಮನೆಮನೆಯ ಸಂಪಿನಲ್ಲಿ ಕೊಳಕು ಸೇರುತ್ತದೆ. ಕೆಸರನ್ನು ಸಾಗಿಸುವುದಕ್ಕೆ ಮುಂಚೆ ಮಳೆ ಬಂದರೆ ಕಾಲುವೆಯು ಮತ್ತೆ ಕಟ್ಟುತ್ತದೆ. ಒಳ್ಳೆಯ ಕೆಲಸಗಳೂ ಕ್ರಮ ತಪ್ಪಿದರೆ ಒಂದನ್ನೊಂದು ಕೆಡಿಸುತ್ತವೆ.

ಕ್ರಮ ತಪ್ಪಿದರೆ ಪ್ರಾಣವೇ ಹೋಗುತ್ತದೆಂಬುದಕ್ಕೆ ದುಃಖದ ಒಂದು ಸಂಗತಿಯನ್ನು ಹೇಳಬೇಕಾಗಿದೆ. 2025ನೆಯ ಮೇ 18ರ ರಾತ್ರಿಯಿಂದ ಬೆಳಗಿನವರೆಗೆ ಬೆಂಗಳೂರಿನಲ್ಲಿ 100 ಮಿಲಿಮೀಟರಿನ ಮೇಲೆ ಮಳೆಯಾಯಿತು. ಬಿ.ಟಿ.ಎಂ. ಬಡಾವಣೆಯ ತಗ್ಗು ಬೀದಿಗಳು ತುಂಬಿದವು. ಮಾರನೆಯ ದಿನ, ಮಳೆಯು ನಿಂತ ಮೇಲೆ, ಅಲ್ಲಿಯ ಒಂದು ಬಹುಮಹಡಿ ಕಟ್ಟಡದ ನೆಲಮಾಳಿಗೆಯಲ್ಲಿ ನಿಂತಿದ್ದ ನೀರನ್ನು ಮೋಟಾರು ಹಾಕಿ ಹೊರಕ್ಕೆ ಹಾಕಲು ಯತ್ನಿಸುತ್ತಿದ್ದಾಗ ವಿದ್ಯುತ್ತು ಹರಿದು, ಹಿರಿಯ ನಿವಾಸಿಯೊಬ್ಬರೂ 12 ವರ್ಷದ ಬಾಲಕನೊಬ್ಬನೂ ಮೃತಪಟ್ಟರು. ಮಳೆಯು ಅವರನ್ನು ಕೊಲ್ಲಲಿಲ್ಲ. ಮಳೆಯ ನಂತರದ ಕೆಲಸದಲ್ಲಿ ಅವರು ತೀರಿಕೊಂಡರು. ತಮ್ಮ ಮನೆಯನ್ನು ತಾವೇ ಸರಿಪಡಿಸಿಕೊಳ್ಳಬೇಕೆಂಬ ಸಹಜವಾದ ಉತ್ಸಾಹವೇ ಅಲ್ಲಿ ಮೃತ್ಯುವಿಗೆ ದಾರಿಯಾಯಿತು. ನೀರು ನಿಂತ ನೆಲಮಾಳಿಗೆಗೆ ಇಳಿಯುವುದಕ್ಕೆ ಮುಂಚೆ ಆ ಕಟ್ಟಡದ ವಿದ್ಯುತ್ತನ್ನು ಬುಡದಲ್ಲಿಯೇ ಕಡಿಯಬೇಕು. ಪರಿಣತನೊಬ್ಬನು ನೋಡಿ ಒಪ್ಪಿದ ಮೇಲೆಯೇ ಮೋಟಾರನ್ನು ಹಚ್ಚಬೇಕು. ಈ ಒಂದು ನಿಯಮವನ್ನು ಮಳೆಗಾಲಕ್ಕೆ ಮೊದಲೇ ತಗ್ಗಿನ ಪ್ರತಿ ಕಟ್ಟಡದ ಬಾಗಿಲಲ್ಲಿ ದಪ್ಪಕ್ಷರಗಳಿಂದ ಬರೆಸಿ, ನೀರು ನಿಂತ ಬೀದಿಗೆ ಪಾಲಿಕೆಯ ಪಂಪಿನವನೂ ವಿದ್ಯುತ್ತಿನ ಲೈನ್‌ಮನ್ನನೂ ಜೊತೆಯಾಗಿಯೇ ಬರುವಂತೆ ಗೊತ್ತುಮಾಡಿದರೆ, ಇಂತಹ ಎಷ್ಟೋ ಜೀವಗಳು ಉಳಿಯುತ್ತವೆ. ಸಮನ್ವಯವೆಂಬ ದೊಡ್ಡ ಶಬ್ದದ ಅರ್ಥವು ಕಡೆಗೆ ಇಷ್ಟೇ: ಇಬ್ಬರು ಕೆಲಸಗಾರರು ಒಂದೇ ಹೊತ್ತಿಗೆ ಒಂದೇ ಬಾಗಿಲಿಗೆ ಬರುವುದು.

ಎರಡು ಕಚೇರಿಗಳ ನಡುವಣ ಸಂದಿಯು ಎಷ್ಟು ಆಳವಾದುದೆಂಬುದನ್ನು 2021ರ ಸಾಂಕ್ರಾಮಿಕವೂ ತೋರಿಸಿತು. ಆ ವರ್ಷದ ಮೇ 2ರ ರಾತ್ರಿಯಿಂದ ಮರುದಿನ ಬೆಳಗಿನೊಳಗಾಗಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ತೀರಿಕೊಂಡರೆಂದು ಪ್ರಕಟವಾಯಿತು. ಆಮ್ಲಜನಕವು ಮೈಸೂರಿನಿಂದ ಬರಬೇಕಾಗಿತ್ತು. ಮೈಸೂರಿಗೂ ಚಾಮರಾಜನಗರಕ್ಕೂ ಇರುವ ದೂರವು ಕೆಲವೇ ಗಾವುದಗಳು. ನಮ್ಮ ನಗರದಲ್ಲಿಯೂ ಆ ದಿನಗಳಲ್ಲಿ ಒಂದು ಹಾಸಿಗೆಗಾಗಿ ಜನರು ಪಟ್ಟ ಪಾಡನ್ನು ನಾನು ವರ್ಣಿಸಬೇಕಾಗಿಲ್ಲ. ಈ ಸಭೆಯಲ್ಲಿ ಆ ದುಃಖವನ್ನು ಉಂಡವರೇ ಅನೇಕರಿದ್ದೀರಿ. 2020ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿಯು ಮುಗಿದಿದ್ದಿತು. ಹೊಸ ಚುನಾವಣೆಯು ನಡೆದಿರಲಿಲ್ಲ. ಆದುದರಿಂದ ಮಾರಿಯು ಅತ್ಯಂತ ಘೋರವಾಗಿದ್ದ ತಿಂಗಳುಗಳಲ್ಲಿ ವಾರ್ಡಿಗೆ ಜನರಿಂದ ಆರಿಸಲ್ಪಟ್ಟವನೊಬ್ಬನೂ ಇರಲಿಲ್ಲ. ವಾರ್ಡು ಸಮಿತಿಗಳ ಹೆಸರಿನಲ್ಲಿ ಅಧಿಕಾರಿಗಳೂ, ಆಶಾ ಕಾರ್ಯಕರ್ತೆಯರೂ, ಸ್ವಯಂಸೇವಕರೂ ಹೆಣಗಿದರು. ಯಾವ ಓಣಿಯಲ್ಲಿ ಅಂತಹವರೊಳಗೆ ಮೊದಲೇ ಪರಿಚಯವಿತ್ತೋ ಅಲ್ಲಿ ಸಹಾಯವು ಬೇಗ ಮುಟ್ಟಿತು. ಪರಿಚಯವಿಲ್ಲದಲ್ಲಿ ದೂರವಾಣಿಯ ಗಂಟೆ ಬಡಿಯುತ್ತಲೇ ಇದ್ದಿತು.

ಈಗ ಕಾನೂನು ಏನು ಹೇಳುತ್ತದೆಂಬುದನ್ನು ಸಂಕ್ಷೇಪವಾಗಿ ಅರಿಕೆಮಾಡುತ್ತೇನೆ. 2004ರ ಡಿಸೆಂಬರಿನಲ್ಲಿ ಸಮುದ್ರವು ಉಕ್ಕಿ ತೀರವನ್ನು ನುಂಗಿದ ತರುವಾಯ, 2005ರಲ್ಲಿ ವಿಪತ್ತು ನಿರ್ವಹಣಾ ಅಧಿನಿಯಮವು ಬಂದಿತು. ಅದರಂತೆ ಜಿಲ್ಲೆಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವಿರತಕ್ಕದ್ದು. ಸ್ಥಳೀಯ ಸಂಸ್ಥೆಗಳು ತಮ್ಮ ನೌಕರರಿಗೆ ಶಿಕ್ಷಣ ಕೊಟ್ಟು, ಸಲಕರಣೆಗಳನ್ನು ಸಿದ್ಧವಾಗಿಟ್ಟುಕೊಂಡು, ಪರಿಹಾರ, ಪುನರ್ವಸತಿ, ಪುನರ್ನಿರ್ಮಾಣದ ಕೆಲಸಗಳನ್ನು ನಡೆಸತಕ್ಕದ್ದೆಂದು 41ನೆಯ ಪ್ರಕರಣವು ವಿಧಿಸುತ್ತದೆ. 2025ರ ತಿದ್ದುಪಡಿಯ ಪ್ರಕಾರ ರಾಜಧಾನಿಗಳಿಗೂ ಮಹಾನಗರ ಪಾಲಿಕೆಗಳಿರುವ ಊರುಗಳಿಗೂ ಪ್ರತ್ಯೇಕವಾದ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ರಾಜ್ಯ ಸರ್ಕಾರಗಳು ರಚಿಸಬಹುದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಬೃಹತ್ ಪಾಲಿಕೆಯು ಅಂತ್ಯಗೊಂಡು, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಉಂಟಾದವು. ಆಡಳಿತವು ಜನರ ಸಮೀಪಕ್ಕೆ ಬಂದರೆ ಒಳ್ಳೆಯದೇ. ಆದರೆ ಒಂದು ಪಾಲಿಕೆಯ ಎಲ್ಲೆಯಲ್ಲಿ ಹುಟ್ಟಿದ ರಾಜಕಾಲುವೆಯು ಇನ್ನೊಂದರ ಎಲ್ಲೆಯ ಕೆರೆಗೆ ಹೋಗಿ ಬೀಳುತ್ತದೆ. ಮೇಲಿನವರು ಹೂಳೆತ್ತಿ ನೀರನ್ನು ಬೇಗ ಹರಿಸಿಬಿಟ್ಟರೆ ಕೆಳಗಿನವರ ಮನೆ ಮುಳುಗುತ್ತದೆ. ಆದಕಾರಣ ಕಣಿವೆಯ ಲೆಕ್ಕವನ್ನು ಪಾಲಿಕೆಯ ಎಲ್ಲೆಯನ್ನು ಮೀರಿ ಒಂದೇ ಪುಸ್ತಕದಲ್ಲಿ ಇಡುವುದು ಹಿಂದಿಗಿಂತಲೂ ಈಗ ಅವಶ್ಯವಾಗಿದೆ.

ಹಾಗಾದರೆ ಮಾಡಬೇಕಾದುದೇನು? ನನ್ನ ಅಲ್ಪಮತಿಗೆ ತೋರಿದ ನಾಲ್ಕು ಅಂಶಗಳನ್ನು ವಿಜ್ಞಾಪಿಸುತ್ತೇನೆ.

ಮೊದಲನೆಯದು ಪಟ್ಟಿ. ಆಪತ್ತು ಬಂದ ಮೇಲೆ ಬರೆಯುವ ಪಟ್ಟಿಯಲ್ಲಿ ಗಟ್ಟಿ ದನಿಯುಳ್ಳವರ ಹೆಸರು ಮೊದಲು ಬರುತ್ತದೆ. ಸ್ವಂತ ಮನೆಯುಳ್ಳವನು ಪತ್ರ ತೋರಿಸುತ್ತಾನೆ. ಬಾಡಿಗೆಯವನು ಏನನ್ನು ತೋರಿಸುವನು? ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿರುವ ಯಾದಗಿರಿ ರಾಯಚೂರುಗಳ ಕೂಲಿಯವನೂ, ಒಂದೇ ಕೋಣೆಯಲ್ಲಿ ನಾಲ್ವರು ವಾಸಿಸುವ ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳೂ ಎಲ್ಲಿ ಬರೆಯಲ್ಪಡುವರು? ನೀರು ಮೊದಲು ನುಗ್ಗುವುದು ಇವರ ಮನೆಗೆ, ಪರಿಹಾರವು ಕಡೆಗೆ ಮುಟ್ಟುವುದೂ ಇವರಿಗೇ. ಆದುದರಿಂದ ಮಳೆಗಾಲಕ್ಕೆ ಮೊದಲೇ, ಒಡೆತನವನ್ನು ಕೇಳದೆ ವಾಸವನ್ನು ಮಾತ್ರ ಕೇಳಿ, ತಗ್ಗಿನ ಮನೆಗಳನ್ನೂ, ಹಾಸಿಗೆ ಹಿಡಿದ ರೋಗಿಗಳನ್ನೂ, ಗರ್ಭಿಣಿಯರನ್ನೂ, ಒಂಟಿ ವೃದ್ಧರನ್ನೂ ಬರೆದಿಡಬೇಕು.

ಎರಡನೆಯದು ಹೊಣೆಗಾರ. ಪ್ರತಿ ವಾರ್ಡಿಗೂ ಒಬ್ಬ ಅಧಿಕಾರಿಯು, ಆತನಿಲ್ಲದಾಗ ಇನ್ನೊಬ್ಬನು, ಹೆಸರು ಸಹಿತವಾಗಿ ಎಲ್ಲರಿಗೂ ಗೊತ್ತಿರಬೇಕು. ಬೇರೆ ಇಲಾಖೆಗಳ ಕೆಲಸಗಾರರು ಆ ದಿನಗಳ ಮಟ್ಟಿಗೆ ಅವನ ಮಾತಿನಂತೆ ನಡೆಯಬೇಕು. ಅವನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎಲ್ಲರನ್ನೂ ಒಂದೇ ಸ್ಥಳದಲ್ಲಿ ನಿಲ್ಲಿಸಿ, ಈ ದಿನ ಯಾವುದಾಯಿತು, ನಾಳೆ ಯಾವುದು ಮೊದಲು ಎಂದು ಗೊತ್ತುಮಾಡಬೇಕು.

ಮೂರನೆಯದು ಸೇತುವೆ. 2001ನೆಯ ಜನವರಿ 26ರಂದು ಗುಜರಾತಿನ ಕಚ್ಛದಲ್ಲಿ ಮಹಾಭೂಕಂಪವಾದಾಗ, ಅಲ್ಲಿಯ ಸೇವಾಸಂಸ್ಥೆಗಳು ಕೂಡಿ ಹಳ್ಳಿಗಳ ಗುಂಪಿಗೊಂದರಂತೆ ಸೇತು ಎಂಬ ಹೆಸರಿನ ಕೇಂದ್ರಗಳನ್ನು ತೆರೆದವು. ಸರ್ಕಾರದ ಆಜ್ಞೆಯು ಹಳ್ಳಿಯವನಿಗೆ ತಿಳಿಯುವಂತೆ, ಹಳ್ಳಿಯವನ ಕಷ್ಟವು ಸರ್ಕಾರಕ್ಕೆ ತಿಳಿಯುವಂತೆ ಮಾಡುವುದೇ ಅವುಗಳ ಕೆಲಸ. ನಮ್ಮ ವಾರ್ಡುಗಳಲ್ಲಿ ಇಂತಹ ಸೇತುವೆಗೆ ಹೊಸ ಕಟ್ಟಡವೇನೂ ಬೇಕಾಗಿಲ್ಲ. ಒಂದು ಶಾಲೆಯ ಕೊಠಡಿ, ಒಂದು ಮೇಜು, ಅರ್ಜಿ ಬರೆದುಕೊಡಬಲ್ಲ ಇಬ್ಬರು ಮಂದಿ ಸಾಕು. ನೆನೆದುಹೋದ ಪಡಿತರ ಚೀಟಿಗೂ, ಮಕ್ಕಳ ಪರೀಕ್ಷೆಯ ಪ್ರಮಾಣಪತ್ರಕ್ಕೂ ಬಡವನು ನಾಲ್ಕು ಕಚೇರಿಗಳನ್ನು ಸುತ್ತಿದರೆ ಅವನ ನಾಲ್ಕು ದಿನದ ಕೂಲಿಯು ಹೋಗುತ್ತದೆ.

ನಾಲ್ಕನೆಯದು ಲೆಕ್ಕ. ಬಂದ ಹಣವೆಷ್ಟು, ಯಾರಿಗೆ ಮುಟ್ಟಿತು, ಯಾರದು ಉಳಿಯಿತು, ಏಕೆ ಉಳಿಯಿತು ಎಂಬುದನ್ನು ಆ ಓಣಿಯಲ್ಲಿಯೇ, ಜನರ ಎದುರಿನಲ್ಲಿಯೇ ಓದಿ ಹೇಳಬೇಕು. ಹಿಂದೆ ಚಾವಡಿಯಲ್ಲಿ ಲೆಕ್ಕ ಓದುತ್ತಿದ್ದಂತೆ ಓದಿದರೆ, ಬಿಟ್ಟುಹೋದ ಹೆಸರನ್ನು ನೆರೆಯವನೇ ಹೇಳುತ್ತಾನೆ, ಸೇರಬಾರದ ಹೆಸರು ತಾನಾಗಿಯೇ ನಾಚಿ ಹಿಂದೆಗೆಯುತ್ತದೆ. ಆರು ತಿಂಗಳ ತರುವಾಯ ಇನ್ನೊಮ್ಮೆ ಓದಬೇಕು. ಏಕೆಂದರೆ ಪುನರ್ವ್ಯವಸ್ಥೆಯು ನಡೆಯಿತೇ ಇಲ್ಲವೇ ಎಂಬುದು ಗೊತ್ತಾಗುವುದು ಆಗಲೇ.

ಕಡೆಯದಾಗಿ, ಶ್ರೀಮಠದ ಶಿಷ್ಯಭಕ್ತರಾದ ನಮ್ಮ ಪಾಲು. 1995ರಲ್ಲಿ ಜಪಾನಿನ ಕೋಬೆ ನಗರದಲ್ಲಿ ಭೂಕಂಪವಾದಾಗ, ಕುಸಿದ ಮನೆಗಳಿಂದ ಜೀವಸಹಿತ ಹೊರಬಂದವರಲ್ಲಿ ಬಹುಮಂದಿಯನ್ನು ಎತ್ತಿದವರು ಮನೆಯವರೂ ನೆರೆಯವರೂ ಎಂದು ತಿಳಿದುಬಂದಿದೆ. ಯಾವ ಸರ್ಕಾರವೂ ನೆರೆಯವನಷ್ಟು ಬೇಗ ಬರಲಾರದು. ಆದರೆ ನೆರೆಯವನ ಸಹಾಯವೂ ವ್ಯವಸ್ಥೆಗೆ ಒಳಪಟ್ಟಿರಬೇಕು. ಜಾತ್ರೆಯ ದಿನ ನಮ್ಮ ದಾಸೋಹವು ಹೇಗೆ ನಡೆಯುತ್ತದೆಂಬುದನ್ನು ನೋಡಿರಿ. ಉಗ್ರಾಣದವರು ಬೇರೆ, ಒಲೆಯ ಮುಂದಿನವರು ಬೇರೆ, ಬಡಿಸುವವರು ಬೇರೆ. ಪಂಕ್ತಿಯಲ್ಲಿ ಎಷ್ಟು ಮಂದಿ ಕುಳಿತಿದ್ದಾರೆಂಬ ಸುದ್ದಿಯು ಒಲೆಗೆ ಮುಟ್ಟುತ್ತದೆ, ಒಲೆಯಿಂದ ಉಗ್ರಾಣಕ್ಕೆ ಮುಟ್ಟುತ್ತದೆ. ಸಾವಿರಾರು ಮಂದಿ ಉಂಡರೂ ಅನ್ನವು ಕಡಮೆಯಾಗುವುದಿಲ್ಲ, ಚೆಲ್ಲುವುದೂ ಇಲ್ಲ. ಬಡಿಸುವವನು ತನ್ನ ಇಷ್ಟದಂತೆ ಒಂದೇ ಎಲೆಗೆ ನಾಲ್ಕು ಸಲ ಬಡಿಸುವುದಿಲ್ಲ. ಆಪತ್ಕಾಲದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆತು, ರಸ್ತೆಯ ಪಕ್ಕದ ಒಂದೇ ಓಣಿಗೆ ಹತ್ತು ಗಾಡಿ ಅನ್ನವನ್ನು ಒಯ್ಯುತ್ತೇವೆ. ಒಳಗಣ ಓಣಿಯು ಉಪವಾಸವಿರುತ್ತದೆ. ಬೇಡದ ಹಳೆಯ ಬಟ್ಟೆಗಳ ರಾಶಿಯನ್ನು ಹಾಕಿ ಬರುತ್ತೇವೆ. ಅದನ್ನು ಎತ್ತಿ ಹಾಕುವುದೇ ಪೌರಕಾರ್ಮಿಕನಿಗೆ ಇನ್ನೊಂದು ಹೊರೆಯಾಗುತ್ತದೆ.

ಆದುದರಿಂದ ಈ ಮಹೋತ್ಸವದ ನೆನಪಾಗಿ ಮೂರು ಸಣ್ಣ ಕೆಲಸಗಳನ್ನು ಕೈಗೊಳ್ಳಬಹುದೆಂದು ಸನ್ನಿಧಾನದವರಲ್ಲಿಯೂ ತಮ್ಮೆಲ್ಲರಲ್ಲಿಯೂ ಬಿನ್ನವಿಸುತ್ತೇನೆ. ಶ್ರೀಮಠದ ಅಡಿಗೆಯ ಮನೆ, ಪ್ರಸಾದ ನಿಲಯ, ಸಭಾಮಂದಿರಗಳಲ್ಲಿ ಎಷ್ಟು ಮಂದಿಗೆ ಊಟ, ಎಷ್ಟು ಮಂದಿಗೆ ಆಶ್ರಯ ಕೊಡಬಹುದೆಂಬುದನ್ನೂ, ಬೀಗದ ಕೈ ಯಾರಲ್ಲಿರುತ್ತದೆಂಬುದನ್ನೂ ಈಗಲೇ ಬರೆದು ಪಾಲಿಕೆಯ ಕಚೇರಿಗೆ ಒಪ್ಪಿಸುವುದು; ಜಾತಿಮತಗಳ ಭೇದವಿಲ್ಲದೆ ಆ ಬಾಗಿಲು ತೆರೆದಿರುವುದೆಂದು ಅದರಲ್ಲಿ ಕಾಣಿಸುವುದು. ನಮ್ಮ ತರುಣರಲ್ಲಿ ಒಂದಿಷ್ಟು ಮಂದಿ ತಮ್ಮ ತಮ್ಮ ಓಣಿಯ ವಾಸಿಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ತಿದ್ದಿ ಬರೆಯಲು ಅಧಿಕಾರಿಗಳಿಗೆ ನೆರವಾಗುವುದು. ಆಪತ್ತು ಬಂದಾಗ ವಾರ್ಡಿನ ಹೊಣೆಗಾರನನ್ನು ಕೇಳದೆ ಒಂದು ಮೂಟೆಯನ್ನೂ ಕಳುಹಿಸದೆ, ಆತನು ಕೇಳಿದುದನ್ನು ಮಾತ್ರ, ಕೇಳಿದ ಸ್ಥಳಕ್ಕೆ, ಕೇಳಿದ ಹೊತ್ತಿಗೆ ಮುಟ್ಟಿಸುವುದು.

ಇವುಗಳಲ್ಲಿ ಯಾವುದೂ ಬಹು ಹಣವನ್ನು ಬೇಡುವುದಿಲ್ಲ. ಹೆಸರು ಬರುವ ಕೆಲಸವೂ ಇದಲ್ಲ. ಪಟ್ಟಿ ಬರೆಯುವವನಿಗೆ ಯಾರೂ ಹಾರ ಹಾಕುವುದಿಲ್ಲ. ಆದರೂ ಮುಂದೊಂದು ಮಳೆಯ ರಾತ್ರಿಯಲ್ಲಿ, ತಗ್ಗಿನ ಓಣಿಯ ಒಂಟಿ ಮುದುಕಿಯ ಬಾಗಿಲನ್ನು ಯಾರಾದರೂ ತಟ್ಟಿದರೆ, ಆಕೆಯ ಹೆಸರು ಆ ಪಟ್ಟಿಯಲ್ಲಿ ಇದ್ದುದರಿಂದಲೇ ತಟ್ಟಿದ್ದಾರು. ಅಂತಹ ಒಂದು ಪಟ್ಟಿಯು ನಮ್ಮ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಪ್ರತಿ ಓಣಿಗೂ ಸಿದ್ಧವಾಗುವಂತೆ ತಾವೆಲ್ಲರೂ ಮನಸ್ಸು ಮಾಡಬೇಕೆಂದು ಪ್ರಾರ್ಥಿಸುತ್ತೇನೆ.